ದೀಪಾವಳಿಯ ಸುಣ್ಣ, ಮಾಘದ ಬಣ್ಣ

ಕುಂದಾಪುರದ ಕಡೆಯ ನಮ್ಮೂರಿನಲ್ಲಿ ಮಳೆ ಹೊಳವಾಯಿತೆಂದರೆ ಸುಣ್ಣ ಬಳಿಯುವ ಕಾಲ ಬಂತೆಂದೇ ಲೆಕ್ಕ. ನವರಾತ್ರಿಗೂ ದೀಪಾವಳಿಗೂ ನಡುವೆ ಮನೆಮನೆಯ ಗೋಡೆ ಬೆಳ್ಳಗಾಗುತ್ತಿತ್ತು. ನಾನು ಹುಡುಗನಾಗಿದ್ದ 1970ರ ದಶಕದಲ್ಲಿ ಹೊಳೆಬಾಯಿಯ ಕಪ್ಪೆಚಿಪ್ಪನ್ನು ಹೆಕ್ಕಿ, ಇದ್ದಿಲಿನೊಂದಿಗೆ ಗೂಡಿನಲ್ಲಿ ಸುಟ್ಟವರೇ ಅದನ್ನು ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದರು. ನೀರು ಹೊಯ್ದರೆ ಕೊತಕೊತ ಕುದಿದು ಹುಡಿಯಾಗುತ್ತಿತ್ತು. ಅದನ್ನು ನೆನೆಹಾಕಿ, ಸೋಸಿ, ಗಂಜಿತಿಳಿ ಮತ್ತು ಚಿಟಿಕೆ ನೀಲಿ ಬೆರೆಸಿ, ಕೇದಗೆ ಬಿಳಲಿನ ತುದಿ ಜಜ್ಜಿ ಮಾಡಿದ ಕುಂಚದಿಂದ ಬಳಿಯುತ್ತಿದ್ದರು.

ಬಳಿಯುವ ಮೊದಲು ಅವರು ಗೋಡೆಗೆ ನೀರು ಚಿಮುಕಿಸುತ್ತಿದ್ದರು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗಬೇಕಾದರೆ ತೇವ ಬೇಕು. ಮುರಕಲ್ಲಿನ ಗೋಡೆ ಮಳೆಗಾಲವಿಡೀ ನೀರು ಕುಡಿಯುತ್ತದೆ. ಸುಣ್ಣದ ಪದರ ಆ ನೀರನ್ನು ಆವಿಯಾಗಿ ಹೊರಬಿಡುತ್ತದೆ. ಹೀಗಾಗಿ ಗೋಡೆಯ ಪಸೆ ಆರುವ ಮುಂಚೆಯೇ ಬಳಿದರೂ ತೊಂದರೆಯಿರಲಿಲ್ಲ. ಒರಗಿದವರ ಬೆನ್ನಿಗೆ ಬಿಳಿ ಹುಡಿ ಮೆತ್ತಿಕೊಳ್ಳುತ್ತಿತ್ತು, ಪದರದ ಮೇಲೆ ಪದರ ದಪ್ಪಗಾದ ಕಡೆ ಚಕ್ಕೆ ಬೀಳುತ್ತಿತ್ತು. ಕೆರೆದು ಮತ್ತೆ ಬಳಿದರೆ ಮುಗಿಯಿತು.

ಆಮೇಲೆ ಡಿಸ್ಟೆಂಪರ್ ಬಂತು, ಅದರ ಹಿಂದೆಯೇ ಎಮಲ್ಷನ್. ಬೆಂಗಳೂರು, ಮುಂಬಯಿಯ ಹೋಟೆಲುಗಳಲ್ಲಿ ದುಡಿದ ಹಣದಿಂದ ಮನೆಗಳು ಹೊಸದಾದವು. ಸುಣ್ಣ ಬಳಿಯುವವರ ಮಕ್ಕಳು ರೋಲರ್ ಹಿಡಿದು ಪೇಂಟರುಗಳಾದರು. ಗೂಡುಗಳು ಒಂದೊಂದಾಗಿ ಆರಿದವು. ಸಾಮಗ್ರಿ ಬದಲಾಯಿತು, ಪಂಚಾಂಗ ಮಾತ್ರ ಬದಲಾಗಲಿಲ್ಲ. ತೇವ ಬೇಡುವ ಸುಣ್ಣಕ್ಕೆ ಹೊಂದುತ್ತಿದ್ದ ದೀಪಾವಳಿಯ ಮುಂಚಿನ ದಿನಗಳಲ್ಲೇ, ಒಣ ಗೋಡೆ ಬೇಡುವ ಪ್ಲಾಸ್ಟಿಕ್ ಬಣ್ಣವನ್ನೂ ಬಳಿಯತೊಡಗಿದರು. ಅದೂ ಹುಡಿಯುದುರುವ ಹಳೆ ಸುಣ್ಣದ ಮೇಲೆಯೇ. ಒಳಗಿನ ನೀರಿಗೆ ಹೊರಹೋಗಲು ದಾರಿಯಿಲ್ಲ, ಬಣ್ಣಕ್ಕೆ ಹಿಡಿದುಕೊಳ್ಳಲು ಗಟ್ಟಿ ನೆಲೆಯಿಲ್ಲ. ಮುಂದಿನ ಆಷಾಢದೊಳಗೆ ಗೋಡೆ ಹಪ್ಪಳದಂತೆ ಉಬ್ಬಿ, ಬುಡದಲ್ಲಿ ಬಿಳಿ ಉಪ್ಪು ಅರಳುವುದನ್ನು ಎಷ್ಟೋ ಮನೆಗಳಲ್ಲಿ ಕಂಡೆ. ಅದರ ಮೇಲೆ ಇನ್ನೊಂದು ಕೈ ಪುಟ್ಟಿ, ಇನ್ನೂ ದುಬಾರಿ ಬಣ್ಣ. ಮರುವರ್ಷ ಮತ್ತದೇ ಪಾಡು.

ಸುಣ್ಣದ ಕೆಲಸದಲ್ಲೇ ಪಳಗಿ ಪೇಂಟಿಂಗಿಗೆ ಬಂದ ಹಿರಿಯ ಮೇಸ್ತ್ರಿಯೊಬ್ಬರು ನಮ್ಮ ಕೇರಿಯಲ್ಲಿದ್ದರು. ಅವರು ಡಬ್ಬಿ ತೆರೆಯುವ ಮೊದಲು ನೀರಿನ ಮೂಲ ಹುಡುಕುತ್ತಿದ್ದರು: ತಾರಸಿಯ ಬಿರುಕು, ಬಚ್ಚಲಿನ ಪೈಪು, ಹೊರಗೋಡೆಗೆ ಒರಗಿಸಿದ ಮಣ್ಣಿನ ರಾಶಿ. ಅದು ಸರಿಯಾದ ಮೇಲೆ ಗೋಡೆಗೆ ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ಸುತ್ತಲೂ ಬಿಗಿಯಾಗಿ ಅಂಟಿಸಿ ಒಂದು ಹಗಲು, ಒಂದು ರಾತ್ರಿ ಬಿಡುತ್ತಿದ್ದರು. ಹಾಳೆಯ ಒಳಮೈ ಬೆವರಿದ್ದರೆ ಕೆಲಸ ಮುಂದಕ್ಕೆ. ಒಣಗಿದ್ದರೆ ಸಡಿಲವಾದದ್ದನ್ನೆಲ್ಲ ಗಟ್ಟಿ ಪದರ ಸಿಗುವವರೆಗೆ ಕೆರೆದು, ಉಪ್ಪನ್ನು ಒಣ ಬ್ರಷ್ಷಿನಿಂದಲೇ ಉದುರಿಸುತ್ತಿದ್ದರು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಕ್ಕೇ ಇಳಿಯುತ್ತದೆ. ಅಂಗೈ ಉಜ್ಜಿದರೆ ಹುಡಿ ಹತ್ತಬಾರದು. ಆಮೇಲೆ ಪ್ರೈಮರ್, ತೆಳುವಾಗಿ ಪುಟ್ಟಿ, ಮತ್ತೆ ಪ್ರೈಮರ್, ಕೊನೆಗೆ ಎರಡು ಕೈ ಬಣ್ಣ, ಪ್ರತಿ ಕೈಯೂ ಒಣಗಿದ ನಂತರವೇ ಮುಂದಿನದು. ಹೊಸ ಸಿಮೆಂಟ್ ಸಾರಣೆಯನ್ನು ಅವರು 28 ದಿನಕ್ಕೆ ಮೊದಲು ಮುಟ್ಟುತ್ತಿರಲಿಲ್ಲ.

ಇದಕ್ಕೆ ಒಂದು ಎಚ್ಚರಿಕೆ ಸೇರಿಸಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಎಣ್ಣೆಬಣ್ಣವನ್ನು ಒಣಗಿದ್ದಂತೆ ಉಜ್ಜಿ ಧೂಳೆಬ್ಬಿಸಬೇಡಿ. ಒದ್ದೆ ಮಾಡಿ ಕೆರೆಯಿರಿ, ಮಕ್ಕಳನ್ನು ದೂರವಿಡಿ.

ಹಬ್ಬಕ್ಕೆ ಮನೆ ಬೆಳ್ಳಗಾಗಲೇಬೇಕು ಎನ್ನುವವರು, ಸುಣ್ಣದ ಗೋಡೆ ಇನ್ನೂ ಉಳಿದಿದ್ದರೆ, ಸುಣ್ಣವನ್ನೇ ಬಳಿಯಿರಿ. ಪ್ಲಾಸ್ಟಿಕ್ ಬಣ್ಣವೇ ಬೇಕೆಂದರೆ ಮಾಘದವರೆಗೆ ಕಾಯಿರಿ. ಅಷ್ಟರಲ್ಲಿ ನೀರು ಎಲ್ಲಿಂದ ಬರುತ್ತಿದೆಯೆಂದು ಹುಡುಕಿ, ಅದನ್ನು ನಿಲ್ಲಿಸಿ. ಒಣಗದ ಗೋಡೆಯ ಮೇಲೆ ಯಾವ ಬೆಲೆಯ ಬಣ್ಣವೂ ನಿಲ್ಲುವುದಿಲ್ಲ.