ರೊಟ್ಟಿ ಬಡಿದವರು ಯಾರು?

ನಮ್ಮೂರು ಮುಧೋಳ ಎಂದ ಕೂಡಲೇ ಕೇಳಿದವರು, "ಓಹೋ, ರನ್ನ ಕವಿಯ ಮುಧೋಳವೇ? ಬೇಟೆ ನಾಯಿಗಳ ಮುಧೋಳವೇ?" ಎನ್ನುತ್ತಾರೆ. ಅಲ್ಲ ಸ್ವಾಮಿ, ಅದು ಬಾಗಲಕೋಟೆ ಜಿಲ್ಲೆಯದು. ನಮ್ಮದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮುಧೋಳ. ತೆಲಂಗಾಣದ ಗಡಿ ಸೀಮೆ. ಕರಿ ಮಣ್ಣು, ತೊಗರಿ, ಬಿಳಿಜೋಳ ಮತ್ತು ಯಾರಿಗೂ ಕಡಿಮೆ ಬೀಳದಷ್ಟು ಬಿಸಿಲು, ಇವಿಷ್ಟು ನಮ್ಮ ಆಸ್ತಿ. ಇಲ್ಲಿ ನಾನು ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮಾಸ್ತರ.

ನಾನು ಹುಟ್ಟಾ ಶಾಕಾಹಾರಿ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಹುಟ್ಟಿದ ಮನೆಯಲ್ಲಿ ಏನು ಬೇಯುತ್ತಿತ್ತೋ ಅದನ್ನು ತಿಂದು ಬೆಳೆದೆ, ಅಷ್ಟೆ. "ಪಾಪ, ಬರೀ ಸೊಪ್ಪು ಬೇಳೆ ತಿಂದು ಹ್ಯಾಂಗ ಇರ್ತೀರಿ ಸರ?" ಎಂದು ಕನಿಕರ ತೋರಿಸುವ ಗೆಳೆಯರಿದ್ದಾರೆ. ಅವರಿಗೆ ನಮ್ಮ ಭಾಗದ ವರ್ಷದ ಲೆಕ್ಕ ಒಪ್ಪಿಸುತ್ತೇನೆ. ಮಳೆಗಾಲಕ್ಕೆ ಹುಳಿಹುಳಿಯಾದ ಪುಂಡಿಪಲ್ಯ. ಚಳಿ ಬಿದ್ದೊಡನೆ ಹಸಿ ತೊಗರಿಕಾಯಿ. ಉಪ್ಪು ಹಾಕಿ ಕುದಿಸಿ ಸುಲಿದು ತಿನ್ನುತ್ತ ಕುಳಿತರೆ ಸಿಪ್ಪೆಯ ರಾಶಿ ನೋಡಿ ನಮಗೇ ನಾಚಿಕೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ನೆರಳಲ್ಲಿ ಕುಳಿತು ಉಣ್ಣುವ ಭಜ್ಜಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಆಮೇಲೆ ಸೀತನಿ, ಅಂದರೆ ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದ ಕಾಳು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ, ಅದನ್ನು ದಿನವೂ ಉಣ್ಣುತ್ತಿದ್ದ ನಮಗೆ ನಗು ಬಂತು. ನಾಲಿಗೆಗೆ ಯಾವಾಗಲೋ ಗೊತ್ತಿದ್ದದ್ದು ಸರ್ಕಾರಕ್ಕೆ ಈಗ ಗೊತ್ತಾಯಿತಲ್ಲ ಎಂದು.

ಈ ಎಲ್ಲ ರುಚಿಗಳ ಕೆಳಗೆ ಅಡಿಪಾಯದಂತೆ ಇರುವುದು ಜೋಳದ ರೊಟ್ಟಿ. ನನ್ನ ಊಟದ ಡಬ್ಬಿ ಶಾಲೆಯಲ್ಲಿ ಸಣ್ಣಪುಟ್ಟ ಹೆಸರು ಮಾಡಿತ್ತು. ನಡುಹೊತ್ತಿನ ಗಂಟೆ ಬಾರಿಸಿದರೆ ಸಾಕು, ಶಿಕ್ಷಕರ ಕೋಣೆಯಲ್ಲಿ ನಾಲ್ಕು ಕೈಗಳು ನನ್ನ ಡಬ್ಬಿಯ ಕಡೆಗೆ ಬರುತ್ತಿದ್ದವು. ಕಾಗದದಷ್ಟು ತೆಳುವಾದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಬದನೆ. "ಸರ, ರೊಟ್ಟಿ ಅಂದ್ರ ನಿಮ್ಮ ರೊಟ್ಟಿ ನೋಡ್ರಿ!" ಎಂದು ಹೊಗಳುತ್ತಿದ್ದರು. ನಾನು ಮೀಸೆಯಡಿಯಲ್ಲೇ ನಗುತ್ತ, "ತಗೋರಿ, ಇನ್ನೊಂದು ತಗೋರಿ" ಎನ್ನುತ್ತಿದ್ದೆ. ಹೊಗಳಿಕೆಯನ್ನು ಮನೆಗೆ ಮುಟ್ಟಿಸಿದ ನೆನಪು ಮಾತ್ರ ನನಗಿಲ್ಲ.

ಪ್ರಯಾಣದಲ್ಲಿಯೂ ಅದೇ ರೊಟ್ಟಿ. ಪೇಪರು ತಿದ್ದಲಿಕ್ಕೆ, ತರಬೇತಿಗೆ ಎಂದು ಊರೂರು ತಿರುಗುವ ಮಾಸ್ತರರಿಗೆ ಹೋಟೆಲಿನ ಊಟ ಮೂರನೆಯ ದಿನಕ್ಕೆ ಬೇಸರ. ನನ್ನ ಚೀಲದಲ್ಲಿ ಮಾತ್ರ ಬಟ್ಟೆಯಲ್ಲಿ ಕಟ್ಟಿದ ಕಡಕ್ ರೊಟ್ಟಿಯ ಗಂಟು ಇರುತ್ತಿತ್ತು. ಒಣಗಿದ ರೊಟ್ಟಿಯಲ್ಲಿ ನೀರಿನಂಶ ತೀರ ಕಡಿಮೆ. ನೀರಿಲ್ಲದ ಕಡೆ ಬೂಷ್ಟು ಬೆಳೆಯಲಾರದು. ಹೀಗಾಗಿ ವಾರಗಟ್ಟಲೆ ಕೆಡುವುದಿಲ್ಲ. ಹಿಂಡಿ, ಮೊಸರು ಸಿಕ್ಕರೆ ರಾಜಭೋಜನ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡಕ್ಕೆ ಮಕ್ಕಳನ್ನು ಕರೆದೊಯ್ದಾಗ ಕಾಗಿಣಾ ನದಿಯ ದಂಡೆಯ ಕೋಟೆಯ ನೆರಳಲ್ಲಿ ಕುಳಿತು ಆ ಗಂಟು ಬಿಚ್ಚಿದ್ದೇನೆ. ನೃಪತುಂಗನ ಕಾಲದಲ್ಲಿ ಇಲ್ಲಿ ಏನು ಉಣ್ಣುತ್ತಿದ್ದರೋ, ನನಗಂತೂ ನನ್ನ ಬುತ್ತಿಯೇ ಸಾಮ್ರಾಜ್ಯ ಎನ್ನಿಸಿತ್ತು.

ಇನ್ನು ನನ್ನ ಬೇಕರಿ ಹುಚ್ಚಿನ ಕಥೆ. 2020ರ ಲಾಕ್‌ಡೌನಿನಲ್ಲಿ ಶಾಲೆ ಮುಚ್ಚಿತು. ಕೈ ಸುಮ್ಮನಿರಲಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಉಸುಕು ಹಾಕಿ ಕಾಯಿಸಿ, ಅದರೊಳಗೆ ಡಬ್ಬಿಯಿಟ್ಟು ಮೊಟ್ಟೆಯಿಲ್ಲದ ಕೇಕು ಮಾಡಿದೆ. ಮೊಟ್ಟೆಯ ಕೆಲಸವನ್ನು ಅರ್ಧ ಮೊಸರು, ಅರ್ಧ ಸೋಡಾ ಮಾಡುತ್ತವೆ. ಮೊಸರಿನ ಹುಳಿ ಅಡುಗೆ ಸೋಡಾಕ್ಕೆ ತಾಗಿದರೆ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗಿ ಹಿಟ್ಟು ಉಬ್ಬುತ್ತದೆ. ಹತ್ತನೆಯ ತರಗತಿಯ ಪಾಠ ಒಲೆಯ ಮೇಲೆ ನಿಜವಾದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಮುಂದೆ ಬೆಂಗಳೂರಿನಲ್ಲಿ ನೌಕರಿ ಹಿಡಿದ ಮಗಳು ಕರೆಂಟಿನ ಓವನ್ ತಂದುಕೊಟ್ಟಳು. ಬ್ರೆಡ್ಡು, ಪಾವು, ಖಾರಾ ಬಿಸ್ಕತ್ತು ಎಲ್ಲ ಶುರುವಾದವು. ಓಣಿಯ ಹುಡುಗರು "ಸರ ಬೇಕರಿ ಹಾಕ್ಯಾರ" ಎಂದು ಸುದ್ದಿ ಹಬ್ಬಿಸಿದರು. ನಾನು ಅಡುಗೆ ಬಲ್ಲ ಗಂಡಸು ಎಂದು ನನಗೆ ನಾನೇ ಸರ್ಟಿಫಿಕೇಟು ಬರೆದುಕೊಂಡೆ.

ಆ ಸರ್ಟಿಫಿಕೇಟು ಹರಿದದ್ದು 2024ರ ಮಳೆಗಾಲದಲ್ಲಿ. ಹಿತ್ತಲಿನ ಫರಸಿಯ ಮೇಲೆ ನಮ್ಮ ಮನೆಯಾಕೆ ಕಾಲು ಜಾರಿ ಬಿದ್ದಳು. ಬಲಗೈ ಊರಿದ್ದರಿಂದ ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರು.

ಮೊದಲ ಮೂರು ದಿನ ನಾನು ಹೆಮ್ಮೆಯಿಂದಲೇ ಬ್ರೆಡ್ಡು ಸುಟ್ಟೆ, ಬೇಳೆ ಬೇಯಿಸಿದೆ. ಆಕೆ ಮಾತಾಡದೆ ಉಂಡಳು. ನಾಲ್ಕನೆಯ ದಿನ ತಾಟಿನ ಮುಂದೆ ಸುಮ್ಮನೆ ಕುಳಿತಳು. "ಯಾಕ, ಕೈ ನೋಯ್ಲಕತ್ತದೇನು?" ಎಂದೆ. "ಇಲ್ರಿ. ಒಂದು ರೊಟ್ಟಿ ತಿನಬೇಕು ಅನಸ್ತದ" ಎಂದಳು, ದೊಡ್ಡದೇನನ್ನೋ ಬೇಡುವವರ ಹಾಗೆ ಸಂಕೋಚದಿಂದ.

ಊರಿನಲ್ಲಿ ರೊಟ್ಟಿಗೇನು ಬರವೇ? ನೆರೆಮನೆಯಲ್ಲಿ ಕೇಳಿದ್ದರೆ ಕೊಡುತ್ತಿದ್ದರು. ಆದರೆ ನನ್ನ ಸರ್ಟಿಫಿಕೇಟು ಅಡ್ಡ ಬಂತು. ಜೋಳದ ಹಿಟ್ಟನ್ನೇ ಬ್ರೆಡ್ಡಿನಂತೆ ಕಲಸಿ, ಯೀಸ್ಟು ಹಾಕಿ, ಓವನ್ನಿನಲ್ಲಿಟ್ಟೆ. ಹೊರಬಂದದ್ದು ಅಪ್ಪಟ ಶಹಾಬಾದ್ ಕಲ್ಲು. ಮೇಲೆ ಬಿರುಕು, ಒಳಗೆ ಪುಡಿ. ವಿಜ್ಞಾನದ ಮಾಸ್ತರನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ಅದರ ಪ್ರೋಟೀನುಗಳು ಒಂದಕ್ಕೊಂದು ಹೆಣೆದು ಗ್ಲುಟೆನ್ ಎಂಬ ಜಿಗುಟು ಬಲೆಯಾಗುತ್ತದೆ. ಯೀಸ್ಟು ಬಿಟ್ಟ ಅನಿಲ ಆ ಬಲೆಯಲ್ಲಿ ಸಿಕ್ಕಿ ಬ್ರೆಡ್ಡು ಉಬ್ಬುತ್ತದೆ. ಜೋಳದಲ್ಲಿ ಆ ಬಲೆಯೇ ಇಲ್ಲ. ಗಾಳಿ ಹುಟ್ಟಿದರೂ ಹಿಡಿದಿಡುವವರಿಲ್ಲ.

"ಹಂಗಾದ್ರ ನೀವು ರೊಟ್ಟಿಗೆ ಜಿಗಿ ಎಲ್ಲಿಂದ ತರ್ತೀರಿ?" ಎಂದು ಮನೆಯಾಕೆಯನ್ನು ಕೇಳಿದೆ. ಆಕೆ ನಕ್ಕಳು. ಬಿದ್ದ ಮೇಲೆ ಮೊದಲ ಸಲ. "ಎಸರಿಡ್ರಿ, ಹೇಳ್ತೀನಿ" ಎಂದಳು.

ಅವತ್ತಿನಿಂದ ಪಾಠ. ಆಕೆ ಕುರ್ಚಿಯ ಮೇಲೆ, ನಾನು ಒಲೆಯ ಮುಂದೆ ನೆಲದ ಮೇಲೆ. ಕುದಿಯುವ ಎಸರನ್ನು ಹಿಟ್ಟಿನ ನಡುವೆ ಹುಯ್ದರೆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ಇದಕ್ಕೆ ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ತಣ್ಣೀರಿನಿಂದ ಆಗುವ ಕೆಲಸವಲ್ಲ. ಗೋಧಿಗೆ ಗ್ಲುಟೆನ್ ಮಾಡುವುದನ್ನು ಜೋಳಕ್ಕೆ ಎಸರು ಮಾಡುತ್ತದೆ. ಪುಸ್ತಕ ಓದದೆ ಇದನ್ನು ಕಂಡುಹಿಡಿದವಳು ಯಾವ ಕಾಲದ ಯಾವ ಅವ್ವನೋ! ನಾದಬೇಕು, ಉಂಡೆ ಮಾಡಬೇಕು, ಒಣಹಿಟ್ಟು ಉದುರಿಸಿ ಬಡಿಯಬೇಕು. ಅಂಗೈ ಬಡಿಯುತ್ತಿದ್ದರೆ ರೊಟ್ಟಿ ತಾನೇ ತಿರುಗಬೇಕು. ಇದು ಬಂದರೆ ಎಲ್ಲ ಬಂತು. ನನಗೆ ಬರಲಿಲ್ಲ. ರೊಟ್ಟಿ ತಿರುಗುವ ಬದಲು ನಾನೇ ಅದರ ಸುತ್ತ ತಿರುಗಿದೆ.

ಮೊದಲ ರೊಟ್ಟಿ ಕರ್ನಾಟಕದ ನಕಾಶೆಯಂತಿತ್ತು. ಎರಡನೆಯದು ಹಂಚಿಗೆ ಹಾಕುವಾಗ ಹರಿದು ಎರಡು ರಾಜ್ಯವಾಯಿತು. ಮೂರನೆಯದನ್ನು ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಿದೆ. ಒಂದು ಮೂಲೆಯಲ್ಲಿ ನೆಲಗಡಲೆಯಷ್ಟು ಉಬ್ಬಿತು. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ ಎಂದು ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಬರೆದವನು ನಾನು. ಆ ಸಣ್ಣ ಉಬ್ಬು ನೋಡಿ ಸಣ್ಣ ಹುಡುಗನಂತೆ ಕೂಗಿದೆ. ಆಕೆ ಎಡಗೈಯಿಂದ ಆ ದಪ್ಪ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ ಬಾಯಿಗಿಟ್ಟುಕೊಂಡಳು. "ಹಸಿ ಅದ" ಎಂದಳು. ಪೂರ್ತಿ ತಿಂದಳು.

ಮೂರನೆಯ ವಾರಕ್ಕೆ ರೊಟ್ಟಿ ದುಂಡಗಾಯಿತು. ನನ್ನ ಮಣಿಕಟ್ಟು ನೋಯತೊಡಗಿತು. ರಾತ್ರಿ ಎಣ್ಣೆ ಬಿಸಿ ಮಾಡಿ ಕೈಗೆ ತಿಕ್ಕಿಕೊಳ್ಳುತ್ತ ಕುಳಿತಿದ್ದೆ. ಆ ಎಣ್ಣೆಯ ವಾಸನೆ ಮೂಗಿಗೆ ಬಡಿದಾಗ ಏನೋ ನೆನಪಾಯಿತು. ಎಷ್ಟೋ ವರ್ಷಗಳಿಂದ ರಾತ್ರಿ ನಮ್ಮ ಮನೆಯಲ್ಲಿ ಇದೇ ವಾಸನೆ ಇತ್ತು. ಅದು ಮನೆಯದೇ ವಾಸನೆ ಎಂದುಕೊಂಡಿದ್ದೆ. "ಮೊದಲಿಂದ್ಲೂ ನೋಯ್ತಿತ್ತೇನು ನಿನ್ನ ಕೈ?" ಎಂದೆ. "ರೊಟ್ಟಿ ಬಡಿಯೋ ಕೈ ನೋಯೂದಿಲ್ಲೇನ್ರಿ?" ಎಂದಷ್ಟೇ ಹೇಳಿ ದೀಪ ಆರಿಸಲು ಹೇಳಿದಳು.

ಕತ್ತಲಲ್ಲಿ ಲೆಕ್ಕ ಹಾಕಿದೆ. ಮಾಸ್ತರಿಕೆಯ ಚಟ. ಮಕ್ಕಳು, ನನ್ನ ಡಬ್ಬಿ, ಬಂದುಹೋಗುವವರು ಸೇರಿ ದಿನಕ್ಕೆ 15 ರೊಟ್ಟಿ. ಮದುವೆಯಾಗಿ 27 ವರ್ಷ. ಒಟ್ಟು 1,47,825. ಒಂದು ರೊಟ್ಟಿಗೆ ನಾನು ಎಣಿಸಿದಂತೆ ಸುಮಾರು 80 ಏಟು. ಅಂದರೆ ಆ ಕೈ ಕೋಟಿಗಿಂತ ಹೆಚ್ಚು ಸಲ ಬಡಿದಿದೆ. ಹಬ್ಬಕ್ಕೆ, ಜ್ವರಕ್ಕೆ, ತವರಿಗೆ ಹೋದದ್ದಕ್ಕೆ ಎಷ್ಟು ಕಳೆದರೂ ಮೊತ್ತ ಸಣ್ಣದಾಗುವುದಿಲ್ಲ. ನಾನು ಜೀವಹಿಂಸೆ ಇಲ್ಲದ ಊಟ ಉಣ್ಣುವವನೆಂದು ಗೆಳೆಯರೆದುರು ಎಷ್ಟೋ ಸಲ ಹೇಳಿಕೊಂಡಿದ್ದೆ. ಆ ರಾತ್ರಿ ಆ ಮಾತು ಗಂಟಲಲ್ಲಿ ಸಿಕ್ಕಿತು.

ಪ್ಲಾಸ್ಟರು ತೆಗೆದ ಮೇಲೆ ವೈದ್ಯರು, ಭಾರ ಎತ್ತಬಾರದು, ರೊಟ್ಟಿ ಬಡಿಯುವುದು ಬೇಡವೇ ಬೇಡ ಎಂದರು. ಆಕೆಗೆ ನೋವಾದದ್ದು ಆ ಮಾತಿಗೆ. ಮನೆಗೆ ಬಂದು ಹಿಟ್ಟಿನ ಡಬ್ಬಿಯನ್ನೇ ನೋಡುತ್ತ ನಿಂತಳು. ಕೆಲಸ ತಪ್ಪಿತೆಂದು ಹಗುರಾಗುತ್ತಾಳೆ ಎಂದುಕೊಂಡಿದ್ದ ನನಗೆ ಇದು ಇನ್ನೊಂದು ಪಾಠ. ಅದು ದುಡಿತವೂ ಹೌದು, ಅವಳ ವಿದ್ಯೆಯೂ ಹೌದು. ಬೋರ್ಡಿನ ಮುಂದೆ ನಿಲ್ಲಬೇಡ ಎಂದು ನನಗೆ ಯಾರಾದರೂ ಹೇಳಿದರೆ ಹೇಗಾಗಬಹುದು? ಈಗ ಬೆಳಿಗ್ಗೆ ಐದೂವರೆಗೆ ನಾನು ಬಡಿಯುತ್ತೇನೆ, ಆಕೆ ಪಕ್ಕದಲ್ಲಿ ಕುಳಿತು ಎಡಗೈಯಿಂದ ಬೇಯಿಸುತ್ತಾಳೆ. "ಅಂಚು ದಪ್ಪಾತು" ಎಂಬ ಟೀಕೆ ನಿತ್ಯ ಇದೆ. ಓವನ್ನಿಗೆ ಭಾನುವಾರ ಮಾತ್ರ ಕೆಲಸ.

ಹೋದ ದೀಪಾವಳಿಯಾದ ಮೇಲೆ ಮಗಳ ಮನೆಗೆಂದು ಹೊರಟೆವು. ಸೇಡಂನಿಂದ ವಾಡಿ, ವಾಡಿಯಲ್ಲಿ ಬೆಂಗಳೂರಿನ ರೈಲು. ಯಾದಗಿರಿ ದಾಟಿದ ಮೇಲೆ ಬುತ್ತಿ ಬಿಚ್ಚಿದೆವು. ಎದುರು ಕುಳಿತಿದ್ದ ರಾಯಚೂರಿನ ಕಡೆಯ ಹಿರಿಯರೊಬ್ಬರಿಗೆ ಎರಡು ರೊಟ್ಟಿ, ಹಿಂಡಿ ಕೊಟ್ಟೆವು. ಬೇಡ ಬೇಡ ಎನ್ನುತ್ತಲೇ ತೆಗೆದುಕೊಂಡವರು, ತಿಂದು ಮುಗಿಸಿ ನಮ್ಮ ಮನೆಯಾಕೆಯ ಕಡೆ ತಿರುಗಿ, "ಯಕ್ಕಾರ, ರೊಟ್ಟಿ ಭಾಳ ಛಂದ ಬಡಿದೀರಿ" ಎಂದರು.

ನಾನು ಬಾಯಿ ತೆರೆದೆ. ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಶಿಕ್ಷಕರ ಕೋಣೆ ನೆನಪಾಯಿತು, ಬಾಯಿ ಮುಚ್ಚಿದೆ. ಆಕೆ ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ಅವರಿಗೆ, "ತಗೋರಿ ಅಣ್ಣಾರ, ಇನ್ನೊಂದು ತಗೋರಿ" ಎಂದಳು. ಹೊರಗೆ ಕತ್ತಲಲ್ಲಿ ರೈಲು ಕೃಷ್ಣಾ ನದಿಯ ಸೇತುವೆ ಹತ್ತಿ ಸದ್ದು ಮಾಡತೊಡಗಿತು.