ವಿಠ್ಠಲವಾಡಿಗೊಬ್ಬ ವಿಠ್ಠಲ

ಕಲ್ಯಾಣ ದಾಟಿದೊಡನೆ ಸ್ಟೇಷನ್ನಿನ ಫಲಕದಲ್ಲಿ ದಿನವೂ ಓದುವ ಹೆಸರನ್ನು ಮಕ್ಕಳಿಗಿಡಲು ಮಾತ್ರ ನಾವು ಹಿಂಜರಿಯುತ್ತೇವೆ. ಮರಾಠಿಯಲ್ಲಿ ‘ವೀಟ್’ ಎಂದರೆ ಇಟ್ಟಿಗೆ. ಅದರ ಮೇಲೆ ನಿಂತವನೇ ವಿಠ್ಠಲನೆಂಬುದು ಜನರ ಮಾತು. ವಿಷ್ಣುವೇ ಕನ್ನಡಿಗರ ಬಾಯಲ್ಲಿ ‘ಬಿಟ್ಟಿ’ಯಾಗಿ ವಿಠ್ಠಲನಾದನೆಂಬುದು ಕೆಲವು ವಿದ್ವಾಂಸರ ಮತ. ಹೊಯ್ಸಳ ವಿಷ್ಣುವರ್ಧನನೂ ಬಿಟ್ಟಿದೇವನೇ ಅಲ್ಲವೆ? ಜ್ಞಾನೇಶ್ವರರು ವಿಠ್ಠಲನನ್ನು ಕರ್ನಾಟಕದವನೆಂದರು. ಪುರಂದರದಾಸರು ಅವನ ಹೆಸರನ್ನು ಅಂಕಿತದಲ್ಲೇ ಇಟ್ಟುಕೊಂಡರು. ಎರಡು ನುಡಿಗಳಿಗೂ ಸಲ್ಲುವ ಈ ಹೆಸರು ನಮ್ಮ ತಂದೆಯವರದು. ಮಗನಿಗೆ ಅದನ್ನೇ ಇಡೋಣವೆಂದೆವು. “ಹಳೆಯ ಹೆಸರು, ಹುಡುಗರು ನಗುತ್ತಾರೆ” ಎಂದರು ನೆಂಟರು. “ಮಾವನವರ ಹೆಸರು ಹಿಡಿದು ಮಗನನ್ನು ಗದರುವುದು ಹೇಗೆ?” ಎಂದಳು ನಮ್ಮಾಕೆ. ಅವಳ ಮಾತಿನಲ್ಲಿ ನ್ಯಾಯವಿತ್ತು. ಆದರೂ ನಾವು ಬಿಟ್ಟರೆ ಇನ್ನಾರು ಇಟ್ಟಾರು? ಈಗವನು ಮನೆಯಲ್ಲಿ ಪುಟ್ಟ, ಶಾಲೆಯಲ್ಲಿ ವಿಠ್ಠಲ. ತರಗತಿಯಲ್ಲಿ ಆ ಹೆಸರಿನವನು ಅವನೊಬ್ಬನೇ.