ಕಂಪ್ರೆಸರ್ ಬಿಚ್ಚಿ ನೋಡುತ್ತಿದ್ದ ಕಾಲ

ಎಂಬತ್ತರ ದಶಕದ ಬೆಂಗಳೂರಿನಲ್ಲಿ ಎ.ಸಿ. ಪ್ಲಾಂಟ್ ಎಂದರೆ ದೊಡ್ಡ ಹೋಟೆಲು, ಕೆಂಪೇಗೌಡ ರಸ್ತೆಯ ಚಿತ್ರಮಂದಿರ, ಕೆಲವು ಕಾರ್ಖಾನೆ, ಅಷ್ಟೆ. ನಾನು ಕೆಲಸ ಕಲಿತದ್ದು ಅಂಥ ಪ್ಲಾಂಟ್ ರೂಮುಗಳಲ್ಲಿ. ಪಿಸ್ಟನ್ ಕಂಪ್ರೆಸರುಗಳು, ಆರ್-22 ಗ್ಯಾಸು, ಗೋಡೆಗೆ ತೂಗುಹಾಕಿದ ಲಾಗ್ ಬುಕ್ಕು. ಸಕ್ಷನ್, ಡಿಸ್ಚಾರ್ಜ್, ಆಯಿಲ್ ಪ್ರೆಷರುಗಳು, ನೀರಿನ ಉಷ್ಣತೆ, ಆಂಪಿಯರ್, ಎಲ್ಲವನ್ನೂ ಆಪರೇಟರ್ ಗಂಟೆಗೊಮ್ಮೆ ಬರೆಯಬೇಕಿತ್ತು.

ಆಗ ಕೆಇಬಿ (ಕರ್ನಾಟಕ ವಿದ್ಯುತ್ ಮಂಡಳಿ) ಕರೆಂಟು ಯಾವಾಗ ಹೋಗುತ್ತದೆಂದು ಹೇಳುವಂತಿರಲಿಲ್ಲ. ಕಂಪ್ರೆಸರಿಗೆ ನಿಜವಾದ ಕುತ್ತು ಬರುತ್ತಿದ್ದುದು ಕರೆಂಟು ಮರಳಿದ ಗಳಿಗೆಯಲ್ಲಿ. ಕ್ರ್ಯಾಂಕ್‌ಕೇಸಿನಲ್ಲಿ ಆಯಿಲನ್ನು ಬೆಚ್ಚಗಿಡಲು ಒಂದು ಸಣ್ಣ ಹೀಟರ್ ಇರುತ್ತದೆ. ಅದು ಗಂಟೆಗಟ್ಟಲೆ ಆರಿದರೆ ಗ್ಯಾಸು ತಣ್ಣಗಾದ ಆಯಿಲಿಗೆ ಬಂದು ಸೇರಿಕೊಳ್ಳುತ್ತದೆ. ಹಾಗೆಯೇ ಸ್ಟಾರ್ಟ್ ಮಾಡಿದಿರೋ, ಒಳಗಿನ ಒತ್ತಡ ಥಟ್ಟನೆ ಇಳಿದು ಗ್ಯಾಸು ಕುದಿಯುತ್ತದೆ. ಆಯಿಲು ಒಲೆಯ ಮೇಲಿನ ಹಾಲಿನಂತೆ ಉಕ್ಕುವುದು ಸೈಟ್ ಗ್ಲಾಸಿನಲ್ಲೇ ಕಾಣುತ್ತದೆ. ಬೇರಿಂಗಿಗೆ ಸಿಗುವುದು ಬರೀ ನೊರೆ. ಆಯಿಲ್ ಪ್ರೆಷರ್ ಸ್ವಿಚ್ಚು ಮಷೀನನ್ನು ನಿಲ್ಲಿಸುತ್ತದೆ. ಮ್ಯಾಟಿನಿ ನಿಲ್ಲಬಾರದೆಂದು ಆ ಸ್ವಿಚ್ಚಿಗೇ ವೈರಿನ ತುಂಡು ಹಾಕಿ ಬೈಪಾಸ್ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಕಂಪ್ರೆಸರ್ ಹೆಚ್ಚು ದಿನ ಬಾಳಲಿಲ್ಲ.

ಕಂಪ್ರೆಸರ್ ಜಾಮ್ ಆದರೆ ನಮ್ಮ ಮೇಸ್ತ್ರಿ ಮೊದಲು ಹೇಳುತ್ತಿದ್ದುದು, "ಬಿಚ್ಚು ಮಗಾ, ಒಳಗೆ ಎಲ್ಲಾ ಬರೆದಿರ್ತದೆ." ಹಳೇ ಬನಿಯನ್ ಬಟ್ಟೆ ಹಾಸಿ ಒಂದೊಂದೇ ಭಾಗವನ್ನು ಸಾಲಾಗಿ ಇಡಿಸುತ್ತಿದ್ದರು. ವಾಲ್ವ್ ರೀಡು ಚೂರಾಗಿ ಕನೆಕ್ಟಿಂಗ್ ರಾಡು ಮುರಿದಿದ್ದರೆ ದ್ರವರೂಪದ ಗ್ಯಾಸು ಸಿಲಿಂಡರಿಗೆ ನುಗ್ಗಿದೆ ಎಂದರ್ಥ. ಬೇರಿಂಗುಗಳೆಲ್ಲ ಒಂದೇ ಸಮ ಸವೆದಿದ್ದರೆ ಆಯಿಲು ಹೊರಹೋಗಿ ವಾಪಸು ಬಂದಿಲ್ಲ. ವಾಲ್ವ್ ಪ್ಲೇಟು ಸುಟ್ಟು ಕಪ್ಪಾಗಿದ್ದರೆ ಕಂಡೆನ್ಸರಿನ ಕಡೆ ಹೋಗಬೇಕು. ಬೋರ್‌ವೆಲ್ಲಿನ ಗಡಸು ನೀರು ಟ್ಯೂಬಿನೊಳಗೆ ಸುಣ್ಣದ ಪದರ ಕಟ್ಟಿ, ಹೆಡ್ ಪ್ರೆಷರ್ ಏರಿ, ಮಷೀನು ದಿನವೂ ಬೇಯುತ್ತಿತ್ತು. ಮೋಟಾರಿನ ಸ್ಟಾರ್ ವೈಂಡಿಂಗಿನಲ್ಲಿ ಎರಡು ಫೇಸು ಸುಟ್ಟು ಮೂರನೆಯದು ಹಾಗೇ ಉಳಿದಿದ್ದರೆ ಅದು ಸಿಂಗಲ್ ಫೇಸಿಂಗ್, ಅಂದರೆ ಮೂರರಲ್ಲಿ ಒಂದು ಫೇಸಿನ ಕರೆಂಟು ತಪ್ಪಿದರೂ ಮೋಟಾರು ಓಡಿದೆ. ಇಷ್ಟು ತಿಳಿದ ಮೇಲೆಯೇ ಹೊಸ ಕಂಪ್ರೆಸರಿಗೆ ಆರ್ಡರು.

2000ದ ಆಚೆ ಐಟಿ ಪಾರ್ಕುಗಳು ಎದ್ದವು. ಸ್ಕ್ರೂ ಚಿಲ್ಲರುಗಳು ಬಂದವು. ಓಜೋನ್ ಪದರ ಕೆಡಿಸುವ ಗ್ಯಾಸುಗಳನ್ನು ಕೈಬಿಡುವ 1987ರ ಮಾಂಟ್ರಿಯಲ್ ಒಪ್ಪಂದಕ್ಕೆ 1992ರಲ್ಲಿ ಭಾರತವೂ ಸೇರಿತ್ತಾದ್ದರಿಂದ ಗ್ಯಾಸುಗಳೂ ಒಂದೊಂದಾಗಿ ಬದಲಾದವು. ಆರ್-134ಎ ಜೊತೆಗೆ ಬಂದ ಪಿಒಇ ಆಯಿಲು ಗಾಳಿಯಲ್ಲಿನ ತೇವವನ್ನು ಬೇಗ ಹೀರುತ್ತದೆ. ಹಳೇ ಅಭ್ಯಾಸದಲ್ಲಿ ಡಬ್ಬದ ಮುಚ್ಚಳ ತೆರೆದಿಟ್ಟರೆ ತೇವ ಸೇರಿ ಒಳಗೆ ಆಮ್ಲ ಹುಟ್ಟಿ ಮೋಟಾರಿನ ವೈಂಡಿಂಗಿಗೇ ಕುತ್ತು. ಇನ್ನು ಹೊಸ ಕಂಟ್ರೋಲ್ ಪ್ಯಾನಲ್ಲನ್ನು ನಾನು ಮನಸಾರೆ ಮೆಚ್ಚುತ್ತೇನೆ. ಫೇಸು ತಪ್ಪಿದರೆ ತಾನೇ ನಿಲ್ಲುತ್ತದೆ, ಪದೇ ಪದೇ ಸ್ಟಾರ್ಟ್ ಆಗಲು ಬಿಡುವುದಿಲ್ಲ, ಯಾವ ಹೊತ್ತಿಗೆ ಯಾಕೆ ಟ್ರಿಪ್ ಆಯಿತೆಂದು ನೆನಪಿಡುತ್ತದೆ. ನಮ್ಮ ಲಾಗ್ ಬುಕ್ಕಿನಲ್ಲಿ ರಾತ್ರಿ ಪಾಳಿಯ ಅಂಕಿಗಳು ಎಷ್ಟೋ ಸಲ ನಿದ್ದೆಯಲ್ಲಿ ಬರೆದವಾಗಿರುತ್ತಿದ್ದವು.

ಆದರೆ ಬಿಚ್ಚಿ ನೋಡುವ ಪದ್ಧತಿ ಹೋಯಿತು. ಈಗ ಸುಟ್ಟ ಕಂಪ್ರೆಸರನ್ನು ಕ್ರೇನಿನಲ್ಲಿ ಇಳಿಸಿ ನೇರ ಗುಜರಿಗೆ ಕಳಿಸುತ್ತಾರೆ, ಅದೇ ಸಂಜೆ ಹೊಸದು ಕೂರುತ್ತದೆ. ಕಾರಣ ಮಾತ್ರ ಪೈಪಿನಲ್ಲೋ ಪ್ಯಾನಲ್ಲಿನಲ್ಲೋ ಹಾಗೇ ಉಳಿದಿರುತ್ತದೆ. ಮೊದಲನೆಯದು ಸುಟ್ಟಾಗ ಹುಟ್ಟಿದ ಆಮ್ಲವನ್ನು ತೆಗೆಯದೆ ಕೂರಿಸಿದ ಎರಡನೆಯದೂ ಸುಡುತ್ತದೆ. ಬೈಗುಳ ಕಂಪ್ರೆಸರ್ ಮಾಡಿದವರಿಗೆ. ಇದು ಶುದ್ಧ ಅನ್ಯಾಯ. ತಾನಾಗಿ ಸತ್ತ ಕಂಪ್ರೆಸರನ್ನು ನಾನು ಕಂಡದ್ದು ತೀರ ಅಪರೂಪ.

ಕಟ್ಟಡ ನೋಡಿಕೊಳ್ಳುವವರಲ್ಲಿ, ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರಲ್ಲಿ ನನ್ನ ಕೋರಿಕೆ ಇಷ್ಟೆ. ಭಾನುವಾರ ರಜೆಯೆಂದು ಮೇನ್ ಸ್ವಿಚ್ಚು ಇಳಿಸಿ ಹೀಟರನ್ನು ಆರಿಸಬೇಡಿ. ಹೊಸ ಕಂಪ್ರೆಸರಿನ ಬಿಲ್ಲಿಗೆ ಸಹಿ ಹಾಕುವ ಮುಂಚೆ ಹಳೆಯದನ್ನು ನಿಮ್ಮೆದುರೇ ಬಿಚ್ಚಿಸಿ, ಆಯಿಲಿನ ಆಸಿಡ್ ಟೆಸ್ಟ್ ಮಾಡಿಸಿ, ಕಂಡದ್ದನ್ನು ಬರೆದಿಡಿ.